ಪಟ್ಟಾಭಿರಾಮನ ಕೊನೆಯ ರಿಟರ್ನು

ಯಾವ ಉಪಗ್ರಹ ಯಾವ ಹೊತ್ತಿಗೆ ಯಾವ ದೇಶದ ನೆತ್ತಿಯ ಮೇಲಿರುತ್ತದೆಂದು ಹಯವದನ ನಿದ್ದೆಗಣ್ಣಿನಲ್ಲೂ ಹೇಳಬಲ್ಲ. ನಿನ್ನ ಆದಾಯ ತೆರಿಗೆ ಎಷ್ಟಪ್ಪ ಎಂದರೆ ಮಾತ್ರ ಅಣ್ಣನ ಕೋಣೆಯತ್ತ ಕೈ ತೋರಿಸುತ್ತಿದ್ದ. ಇಪ್ಪತ್ತೆರಡು ವರ್ಷ ಅವನ ರಿಟರ್ನು ತುಂಬಿದವನು ಅಣ್ಣ ಪಟ್ಟಾಭಿರಾಮ. ಬ್ಯಾಂಕಿನಿಂದ ನಿವೃತ್ತನಾದ, ಮದುವೆಯಾಗದ ಮನುಷ್ಯ. ಮಣಿನಗರದಲ್ಲಿ ತಮ್ಮನ ಮನೆಯಲ್ಲೇ ಇದ್ದ. ಏಪ್ರಿಲ್‌ನಲ್ಲಿ ತೀರಿಕೊಂಡ. ಈಗ ಅವನ ರಿಟರ್ನು ತುಂಬುವ ಸರದಿ ತಮ್ಮನದು. ಜುಲೈ ಮೂವತ್ತೊಂದು ದಾಟಿದರೆ, ಜನ್ಮದಲ್ಲಿ ಒಂದು ದಿನ ತಡಮಾಡದ ಅಣ್ಣನ ಹೆಸರಿಗೆ ದಂಡ.

ಹಯವದನ ಅಣ್ಣನ ಪಾಸ್‌ವರ್ಡನ್ನೇ ಹಾಕಿ ಕೂತ. ಅಣ್ಣನ ಮೊಬೈಲಿಗೆ ಓಟಿಪಿಯೂ ಬಂತು. ಹೆಂಡತಿ ಮೀರಾ ಹಿಂದಿನಿಂದ ಇಣುಕಿದಳು.

"'ಮೇಲಿನದೆಲ್ಲ ಸತ್ಯವೆಂದು ಪಟ್ಟಾಭಿರಾಮನಾದ ನಾನು' ಅಂತಿದೆಯಲ್ಲ ರೀ. ಭಾವನವರು ಯಾವಾಗ ಬಂದು ಹೇಳಿದ್ರು?"

ವಾರಸುದಾರನೆಂದು ಮೊದಲು ನೋಂದಾಯಿಸಿಕೊಳ್ಳಬೇಕಂತೆ. ಅದಕ್ಕೆ ಪೇಢಿನಾಮು, ಅಂದರೆ ವಂಶವೃಕ್ಷದ ಪತ್ರ, ಬೇಕು. ಅದನ್ನು ಕೊಡುವವನು ತಲಾಟಿ, ನಮ್ಮ ಕಡೆಯ ಶಾನುಭೋಗರಿದ್ದ ಹಾಗೆ. ಕುಟುಂಬವನ್ನು ಬಲ್ಲ ಮೂವರು ಪಂಚರನ್ನು ಕರೆತನ್ನಿ ಎಂದ.

ಬಲ್ಲವರು ಎಂದರೆ ಹಯವದನನ ಲೆಕ್ಕದಲ್ಲಿ ಕನ್ನಡದವರು. ವಡೋದರಾದ ಫತೇಗಂಜಿನಿಂದ ನಂಜುಂಡ, ಸೂರತ್‌ನಿಂದ ಸಿದ್ದಲಿಂಗಪ್ಪ ಮತ್ತು ಅವರ ಭಾವಮೈದುನ, ಇಸ್ತ್ರಿ ಅಂಗಿ ತೊಟ್ಟು ಬೆಳಗಿನ ರೈಲಿಗೆ ಬಂದಿಳಿದರು. ತಲಾಟಿ ಮೂರೂ ಆಧಾರ್ ಕಾರ್ಡುಗಳನ್ನು ಸಾಲಾಗಿ ಇಟ್ಟು ನೋಡಿದ.

"ಸಾಹೇಬ್, ನಿಮ್ಮ ಬೀದಿಯವರು ಬೇಕು. ಮಣಿನಗರದಲ್ಲಿ ನಿಮ್ಮನ್ನು ಬಲ್ಲವರು ಯಾರೂ ಇಲ್ಲವೇ?"

ಹಯವದನ ಯೋಚಿಸಿದ. ಇರಲಿಲ್ಲ. ಪಂಚರು ಮೀರಾ ಮಾಡಿದ ಬಿಸಿಬೇಳೆಬಾತ್ ಉಂಡು, ಅಂಗಿಯ ಇಸ್ತ್ರಿ ಕೆಡುವ ಮೊದಲೇ ವಾಪಸು ರೈಲು ಹತ್ತಿದರು.

ಮರುದಿನ ಅವನು ಮನೆಯ ಕೆಳಗಿನ ಫರಸಾಣ್, ಅಂದರೆ ಕರಿದ ತಿಂಡಿಗಳ, ಅಂಗಡಿಯ ರಮಣೀಕಭಾಯಿಯ ಮುಂದೆ ಹೋಗಿ ನಿಂತ. ಗಾಂಠಿಯಾ ಕರಿಯುತ್ತಿದ್ದ ರಮಣೀಕಭಾಯಿ ತಲೆಯೆತ್ತಿದರು.

"ಓ, ಆಕಾಶ ನೋಡಿಕೊಂಡು ಹೋಗುವ ಸಾಹೇಬರು. ನಿಮಗೆ ಮಾತು ಬರುತ್ತೆ ಅಂತ ಗೊತ್ತಿರಲಿಲ್ಲ."

"ನಾನು ಪಟ್ಟಾಭಿರಾಮನ ತಮ್ಮ."

"ಗೊತ್ತು. ದಿನಾ ಸಂಜೆ ಇದೇ ಸ್ಟೂಲಿನ ಮೇಲೆ ಕೂತು ನಿಮ್ಮ ಸುದ್ದಿಯೇ ಹೇಳುತ್ತಿದ್ದರು. ರಾಕೆಟ್ ಬಿಡುತ್ತಾನೆ, ಫಾರಂ ತುಂಬಲು ಬರಲ್ಲ ಅಂತ."

ಅಣ್ಣ ಸಂಜೆ ವಾಕಿಂಗ್ ಹೋಗುತ್ತಾನೆಂದೇ ಹಯವದನ ನಂಬಿದ್ದ. ಹೋಗುತ್ತಿದ್ದದ್ದು ಹದಿನೆಂಟು ಮೆಟ್ಟಿಲು ಇಳಿದು ಇಲ್ಲಿಗೆ.

ರಮಣೀಕಭಾಯಿ ಬಾಣಲೆ ಇಳಿಸಿದರು. ಇಸ್ತ್ರಿ ಅಂಗಡಿಯ ಕೋಕಿಲಾಬೆನ್‌ರನ್ನೂ ಎದುರುಮನೆಯ ನಿವೃತ್ತ ಮೇಷ್ಟರನ್ನೂ ಕೂಗಿ ಕರೆದರು. ಮೂವರೂ ತಲಾಟಿಯ ಎದುರು, ಸತ್ತವನಿಗೆ ಹೆಂಡತಿ ಮಕ್ಕಳಿಲ್ಲ, ಇರುವವನು ಈ ತಮ್ಮನೊಬ್ಬನೇ ಎಂದು ಬರೆದುಕೊಟ್ಟರು. ಸಹಿ ಹಾಕುವಾಗ ಕೋಕಿಲಾಬೆನ್ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಹಯವದನ ಎಲ್ಲಿ ನೋಡಬೇಕೋ ತಿಳಿಯದೆ ಅಭ್ಯಾಸಬಲದಿಂದ ಮೇಲೆ ನೋಡಿದ.

ನೋಂದಣಿ ಆಯಿತು. ಇಪ್ಪತ್ತೊಂಬತ್ತಕ್ಕೆ ಅಣ್ಣನ ರಿಟರ್ನು ಹೋಯಿತು, ದಂಡವಿಲ್ಲದೆ. ಮೂರು ಸಲ ತಪ್ಪು ತುಂಬಿದ್ದನ್ನು ಮೀರಾ ತಿದ್ದಿದ್ದಳು. ಮೂವತ್ತರ ಸಂಜೆ ಹಯವದನ ಸುದ್ದಿ ಹೇಳಲು ಕೆಳಗಿಳಿದ.

ರಮಣೀಕಭಾಯಿ ಕೈ ಒರೆಸಿಕೊಂಡು ಕಪಾಟಿನ ಕೆಳಗಿನಿಂದ ಒಂದು ಬಟ್ಟೆಚೀಲ ಎಳೆದರು. ತುಂಬ ಕಾಗದ.

"ನನ್ನದು, ಮೇಷ್ಟರದು, ಕೋಕಿಲಾಬೆನ್ ಮಗನದು. ನಾಳೆ ಕೊನೆ ದಿನ."

"ನನಗೆ ಬರಲ್ಲ ರಮಣೀಕಭಾಯಿ."

"ಪಟ್ಟಾಭಿಭಾಯಿಯ ವಾರಸುದಾರ ನೀವೇ ಅಂತ ನಾವು ಸಹಿ ಹಾಕಿಲ್ಲವೇ? ಕೂತುಕೊಳ್ಳಿ."

ಹಯವದನ ಸ್ಟೂಲಿನ ಮೇಲೆ ಕೂತು ಚೀಲ ಬಿಚ್ಚಿದ. ಅವನದೂ ಇನ್ನೂ ಆಗಿರಲಿಲ್ಲ.