ಚೌಡಮ್ಮನ ಮುಡಿಪಲ್ಲ ಅದು

ಬ್ಯಾಂಕಿನಲ್ಲಿರುವ ಕಲ್ಲುಗಣಿಯ ದುಡ್ಡು ಚೌಡಮ್ಮನ ಮುಡಿಪಲ್ಲ, ಸುಶೀಲಕ್ಕ. ಆ ಸುಳ್ಳನ್ನು ಹುಟ್ಟಿಸಿದವಳು ನಾನು.

ದುಡ್ಡು ಉಳಿಸಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿಲ್ಲ. ಆಗ ನಾನು ಪಂಚಾಯಿತಿ ಅಧ್ಯಕ್ಷೆ. ಸರ್ಕಾರಿ ಗುಡ್ಡದ ಜಂಬಿಟ್ಟಿಗೆ ಕಲ್ಲು ಕಡಿದು ಸೀತೂರಿನ ಕಡೆ ಲಾರಿ ಹೋಗುತ್ತಿತ್ತು, ನಮ್ಮೂರಿಗೆ ಅದರ ಪಾಲು ಬರುತ್ತಿತ್ತು. ಕಡಿದ ಕಲ್ಲು ಮತ್ತೆ ಚಿಗುರುವುದಿಲ್ಲ. ಇನ್ನೂ ಹುಟ್ಟದ ಮಕ್ಕಳಿಗೂ ಆ ಗುಡ್ಡದಲ್ಲಿ ಹಕ್ಕಿದೆ ಎಂದು ಗ್ರಾಮಸಭೆಯಲ್ಲಿ ಗಂಟಲು ಹರಿದುಕೊಂಡೆ. ಗಂಡಸರು ನಕ್ಕರು. ಅವರಿಗೆ ಆ ದುಡ್ಡಲ್ಲಿ ಊರ ಬಾಗಿಲಿಗೆ ಸ್ವಾಗತ ಕಮಾನು ಬೇಕಿತ್ತು — ಯಾರನ್ನು ಸ್ವಾಗತಿಸಲಿಕ್ಕೋ! ಕಮಾನಿಗೆ ಕೈಗಳು ಏಳುತ್ತಿದ್ದಂತೆ ನನಗೆ ರೇಗಿಹೋಯಿತು.

"ಗಣಿ ಶುರುವಾದಾಗಲೇ ಚೌಡಮ್ಮಂಗೆ ಮುಡಿಪು ಕಟ್ಟಿಟ್ಟಾಗಿದೆ. ಮುಟ್ಟೋ ಧೈರ್ಯ ಇದ್ದೋರು ಮುಟ್ಟಿ" ಎಂದುಬಿಟ್ಟೆ.

ಎದ್ದ ಕೈಗಳೆಲ್ಲ ಇಳಿದವು. ಕೊನೆಯಲ್ಲಿ ಇಳಿದದ್ದು ನಿಮ್ಮ ಕೈ. ನೀವು ಕೈ ಎತ್ತಿದ್ದು ಕಮಾನಿಗಲ್ಲ — ನಿಮ್ಮ ಮನೆಯೆದುರಿನ ಹಳ್ಳ ದಾಟಲು ಒಂದು ಗಟ್ಟಿ ಸಂಕ ಕೇಳಲಿಕ್ಕೆ.

ಅಸಲು ಮುಟ್ಟದೆ, ಬರೀ ಬಡ್ಡಿಯಲ್ಲೇ ಆ ಸಂಕ ಆಗುತ್ತಿತ್ತು. ಅದು ನನಗೆ ಆಗಲೇ ಗೊತ್ತಿತ್ತು. ಆದರೆ ದೇವರ ಮುಡಿಪಿನ ಬಡ್ಡಿ ತೆಗೆಯುತ್ತೇನೆ ಎಂದು ಯಾವ ಬಾಯಲ್ಲಿ ಹೇಳಲಿ? ಹೇಳಿದರೆ ಸುಳ್ಳು ಬಯಲಾಗುತ್ತದೆ, ಕಮಾನಿನವರು ಗೆಲ್ಲುತ್ತಾರೆ — ಅದಕ್ಕೇ ಬಾಯಿ ಮುಚ್ಚಿಕೊಂಡೆ.

ಮುಂದಿನ ಮಳೆಗಾಲದಲ್ಲಿ ಅಡಿಕೆ ದಬ್ಬೆಯ ಹಳೇ ಸಂಕದ ಮೇಲೆ ಜಾರಿ ನಿಮ್ಮ ಕಾಲು ಮುರಿಯಿತು. ಅದು ಮತ್ತೆ ನೆಟ್ಟಗಾಗಲಿಲ್ಲ. ಕೋಲೂರಿಕೊಂಡು ಚೌಡಮ್ಮನ ಕಟ್ಟೆಗೆ ಬಂದು, ತೆಂಗಿನಕಾಯಿಯ ಜೊತೆ ಹನ್ನೊಂದು ರೂಪಾಯಿ ತಪ್ಪುಕಾಣಿಕೆ ಇಟ್ಟಿರಿ.

"ಎಂತ ಮಾಡದು ಮಾರಾಯ್ತಿ, ಅಮ್ಮನ ದುಡ್ಡಿನ ಮೇಲೆ ಕಣ್ಣು ಹಾಕಿದ್ದೆ. ಅದ್ಕೇ ಕಾಲು ಹೋಯ್ತು" ಅಂದಿರಿ.



ಏಳು ವರ್ಷವಾಯಿತು. ಬರುವ ಗ್ರಾಮಸಭೆಯಲ್ಲಿ ಎಲ್ಲರೆದುರು ಇದನ್ನೇ ಹೇಳುತ್ತೇನೆ. ಕಮಾನಿನವರು ಮತ್ತೆ ಏಳುತ್ತಾರೆ, ಏಳಲಿ. ಅಸಲಿಗೆ ಕೈ ಹಾಕಬೇಡಿ ಎಂದು ನಾನೂ ಎದ್ದು ನಿಲ್ಲುತ್ತೇನೆ, ಈ ಸಲ ದೇವರನ್ನು ಮುಂದಿಟ್ಟುಕೊಳ್ಳದೆ. ಸೋತರೆ ನನ್ನ ಬಾಯಿಂದಲೇ ಸೋಲುತ್ತೇನೆ.

ನೀವು ದೇವರ ತಪ್ಪು ಮಾಡಿರಲಿಲ್ಲ, ಸುಶೀಲಕ್ಕ. ಅವತ್ತು ಕಾಣಿಕೆ ಇಡಬೇಕಾದವಳು ನಾನು. ಇಟ್ಟವರು ನೀವು — ಪಕ್ಕದಲ್ಲಿ ನಿಂತು ತಟ್ಟೆ ಹಿಡಿದಿದ್ದವಳು ನಾನು.