ಡೇರಿಯ ಮೆಟ್ಟಿಲು

ಮುನಿಯಮ್ಮ ಡೇರಿಯ ಮೆಟ್ಟಿಲು ಹತ್ತಿಯೇಬಿಟ್ಟರು. ಬೂದಿಕೋಟೆ ಕಡೆಯ ನಮ್ಮ ಹಳ್ಳಿಯಲ್ಲಿ ದಲಿತ ಕೇರಿಯವರು ಕೆಳಗೆ ನಿಂತು ಹಾಲಿನ ಕ್ಯಾನನ್ನು ಮೇಲಕ್ಕೆ ಚಾಚಬೇಕು. ಬರೆದಿಟ್ಟ ನಿಯಮವೇನಲ್ಲ, ಆದರೆ ಅವತ್ತಿನವರೆಗೆ ಯಾರೂ ಮೀರಿರಲಿಲ್ಲ.

“ಏನಮ್ಮಾ, ಒಸದಾಗಿ? ಕೆಳಗೇ ನಿಂತ್ಕೋ,” ಎಂದ ಹಾಲು ಅಳೆಯುವವನು.

“ಎಲ್ರೂ ಮಿಷನ್ ನೋಡಿ ಫ್ಯಾಟ್ ತಿಳ್ಕೊಂತಾರೆ, ನಾನೂ ನೋಡ್ತೀನಿ. ನನ್ ಆಲು ಮೇಲಕ್ ಬರ್ಬೋದು, ನಾನ್ ಬರ್ಬಾರ್ದೇನಣ್ಣಾ?”

ಒಲೆ ಹಚ್ಚುವ ಮೊದಲೇ ಹಾಲು ಉಕ್ಕೀತೆಂದು ಹೆದರುವವಳು ನಾನು. ಜಗಳವಾಗಿ ಬಿಪಿ ಏರೀತು, ಬಂಗಾರಪೇಟೆ ಬಸ್ಸು ತಪ್ಪೀತು ಎಂದು ಸಾಲಿನಲ್ಲಿ ನಿಂತೇ ಬೆವರಿದೆ. ಜಗಳವಾಗಲಿಲ್ಲ. ಅವನು ಅವರ ಹಾಲನ್ನು ಪರೀಕ್ಷಿಸಿ, ಎಲ್ಲರ ಹಾಲಿದ್ದ ದೊಡ್ಡ ಕ್ಯಾನಿಗೇ ಸುರಿದ. ಮುನಿಯಮ್ಮ ಮಿಷನ್ ನೋಡಿ ಇಳಿದು ಹೋದರು.

ಆಮೇಲೆ ಅವನು ಬಕೆಟ್ಟಿನಲ್ಲಿ ನೀರು ತಂದು, ಅವರು ನಿಂತಿದ್ದ ಮೆಟ್ಟಿಲನ್ನು ಗಸಗಸ ಉಜ್ಜಿ ತೊಳೆದ. ಶಾಲೆಯ ಕಾರ್ಯಕ್ರಮದಲ್ಲಿ ಸಮಾನ ಹಕ್ಕಿನ ಭಾಷಣಕ್ಕೆ ಜೋರಾಗಿ ಚಪ್ಪಾಳೆ ತಟ್ಟಿದ್ದೂ ಅವೇ ಕೈಗಳು!

“ಆ ಕ್ಯಾನೂ ತೊಳ್ದುಬಿಡಪ್ಪಾ! ಅದ್ರಾಗೂ ಅವ್ರ ಆಲೈತಲ್ಲ!”

ಕಿರುಚಿದವಳು ನಾನೇ ಎಂದು ಎಲ್ಲರೂ ತಿರುಗಿ ನೋಡಿದ ಮೇಲೆ ಗೊತ್ತಾಯಿತು. “ಸುಮ್ಕಿರಕ್ಕ, ನಿಂಗ್ಯಾಕೆ?” ಎಂದ ಹಾಲು ಅಳೆಯುವವನು. ಕ್ಯಾನಿನ ಹಾಲನ್ನು ಮಾತ್ರ ಯಾರೂ ಚೆಲ್ಲಲಿಲ್ಲ. ತೊಳೆದ ಮೆಟ್ಟಿಲು ಒಣಗುವ ಮೊದಲೇ ಆ ಹಾಲು ಲಾರಿ ಹತ್ತಿ ಎಲ್ಲರ ಮನೆಯ ಕಾಫಿಗೆ ಹೊರಟಿತ್ತು.

ಮರುದಿನ ಮುನಿಯಮ್ಮ ಮತ್ತೆ ಮೆಟ್ಟಿಲು ಹತ್ತಿದರು. ಅಷ್ಟರಲ್ಲಿ ನಾನು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತಿದ್ದೆ. ಬಸ್ಸು ತಪ್ಪೀತೆಂಬ ಹೆದರಿಕೆ ಇತ್ತು, ಆದರೂ ಏಳಲಿಲ್ಲ.