ನಾಲ್ಕಕ್ಕೆ ಒಬ್ಬರು, ಆರಕ್ಕೆ ಒಬ್ಬರು

೨೦೦೨ರ ನವರಾತ್ರಿಯ ಮೂರನೆಯ ದಿನ, ಬುಧವಾರ ಸಂಜೆ, ಹ್ಯೂಸ್ಟನ್ನಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅಡುಗೆಮನೆಗೂ ಹಾಲಿಗೂ ನಡುವಿನ ಬಾಗಿಲಲ್ಲಿ ನಾನು ನಿಂತಿದ್ದೆ. ಕೈಯಲ್ಲಿ ಕಡಲೆ ಉಸಲಿಯ ಪಾತ್ರೆ ಇತ್ತು. ಎದುರಿಗೆ ಬೊಂಬೆಗಳನ್ನು ಕೂರಿಸಿದ ಮೆಟ್ಟಿಲು, ಅದರ ಮುಂದೆ ಚಾಪೆ. ಚಾಪೆಯ ಮೇಲಿದ್ದವರ ಮಾತೆಲ್ಲ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು.

ಅರಿಶಿನ ಕುಂಕುಮಕ್ಕೆ ಹೆಂಡತಿ ಅಕ್ಕಪಕ್ಕದ ಇಬ್ಬರು ಹೆಂಗಸರನ್ನು ಕರೆದಿದ್ದಳು. ಕೆಳಮನೆಯವರು ಹೈಫಾದಿಂದ ಬಂದ ಇಸ್ರೇಲಿ. ಎದುರುಮನೆಯವರು ನಾಬ್ಲುಸ್ ಹತ್ತಿರದ ಹಳ್ಳಿಯ ಪ್ಯಾಲೆಸ್ತೀನಿ. ಇಬ್ಬರೂ ನಮಗೆ ಬೇಕಾದವರು. ಹಿಂದೆ ಇಬ್ಬರೂ ಈಜುಕೊಳದ ಪಕ್ಕ ಕೂತು ಹರಟುತ್ತಿದ್ದರು. ಅವರ ದೇಶದ ಕಡೆ ಗಲಾಟೆ ಜೋರಾದ ಮೇಲೆ, ಎಲ್ಲರಿಗೂ ಒಂದೇ ಆದ ಲಾಂಡ್ರಿ ಕೋಣೆಗೆ ಒಬ್ಬರು ಬಟ್ಟೆ ಒಗೆಯಲು ಬಂದರೆ ಇನ್ನೊಬ್ಬರು ಅವರು ಹೋಗುವ ತನಕ ಕಾಯುತ್ತಿದ್ದರು. ಅದಕ್ಕೇ ಕೆಳಮನೆಯವರಿಗೆ ನಾಲ್ಕು ಗಂಟೆ, ಎದುರುಮನೆಯವರಿಗೆ ಆರು ಗಂಟೆ ಎಂದು ಹೇಳಿದ್ದೆವು.

ಮೈಸೂರಿನಿಂದ ಬಂದು ನಮ್ಮ ಜೊತೆ ಇದ್ದ ಅಮ್ಮನನ್ನು ನಾವು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ದೀಪ ಹಚ್ಚುವ ಮುಂಚೆ ಅವಳು ತಾಂಬೂಲ ಕೊಡುವವಳಲ್ಲ, ತಾಂಬೂಲವಿಲ್ಲದೆ ಹೆಂಗಸರನ್ನು ಕಳಿಸುವವಳೂ ಅಲ್ಲ. ಅಕ್ಟೋಬರಿನಲ್ಲಿ ಹ್ಯೂಸ್ಟನ್ನಿನಲ್ಲಿ ಹೊತ್ತು ಮುಳುಗುವುದು ಏಳರ ಹತ್ತಿರ. ಕೆಳಮನೆಯವರು ಏಳಲು ನೋಡಿದಾಗಲೆಲ್ಲ ಅಮ್ಮ ಭುಜ ಒತ್ತಿ ಕೂರಿಸಿದಳು.

ಆರಕ್ಕೆ ಎದುರುಮನೆಯವರು ಬಂದರು. ಚಾಪೆಯ ಮೇಲೆ ಯಾರಿದ್ದಾರೆಂದು ನೋಡಿ ಹೊಸಿಲಲ್ಲೇ ನಿಂತರು. ಅಮ್ಮ ಎದ್ದು ಹೋಗಿ ಕೈ ಹಿಡಿದು ಕರೆತಂದು, ಇನ್ನೊಬ್ಬರ ಪಕ್ಕದಲ್ಲೇ ಕೂರಿಸಿದಳು. ಇಬ್ಬರೂ ಆಚೀಚೆ ಮುಖ ತಿರುಗಿಸಿ ಕೂತರು. ಹೆಂಡತಿ ನನ್ನ ಮುಖ ನೋಡಿದಳು.

ಇಬ್ಬರೂ ಯಾಕೆ ಹೀಗೆ ಎಂದು ಅಮ್ಮ ಕೇಳಿದಳು. ನಾನು ಚುಟುಕಾಗಿ ಹೇಳಿದೆ.

"ಏನ್ ಮಾಡಿದ್ರೆ ಇದು ಮುಗಿಯತ್ತಂತೆ? ಕೇಳು."

ಅದನ್ನೆಲ್ಲ ಕೇಳಬಾರದು ಎಂದೆ.

"ನಿನ್ನ ಫ್ರೆಂಡ್ಸ್ ಊಟಕ್ಕೆ ಬಂದಾಗಲೆಲ್ಲ ನೀವೇ ತೀರ್ಮಾನ ಮಾಡ್ತೀರಲ್ಲೋ. ಇವರನ್ನ ಕೇಳಕ್ಕೇನು?"

ಅದು ನಿಜ. ನಾವು ಗೆಳೆಯರು ಭಾನುವಾರದ ಊಟದಲ್ಲಿ, ಸಾರು ಮುಗಿದು ಮೊಸರು ಬರುವಷ್ಟರಲ್ಲಿ, ಆ ದೇಶಕ್ಕೆ ಗಡಿ ಹಾಕಿ ಜೆರುಸಲೇಮನ್ನೂ ಹಂಚಿಬಿಡುತ್ತಿದ್ದೆವು. ಕಾವೇರಿಯ ಮಾತು ಬಂದರೆ ಮಾತ್ರ ಕೈ ಒಣಗಿದರೂ ತೀರ್ಮಾನವಾಗುತ್ತಿರಲಿಲ್ಲ.

ನಾನು ಇಂಗ್ಲಿಷಿನಲ್ಲಿ ಕೇಳಿದೆ. ಅವರು ಹೇಳಿದ್ದನ್ನು ಏನೂ ಬಿಡದೆ, ಏನೂ ಸೇರಿಸದೆ ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತಾ ಹೋದೆ. ಇಲ್ಲಿ ಬರೆದಿರುವುದು ಆ ಕನ್ನಡ.

ಮೊದಲು ಕೆಳಮನೆಯವರು ಹೇಳಿದರು. "ಮಧ್ಯೆ ಒಂದು ಗೆರೆ ಎಳೀಲಿ. ಅವರ ದೇಶ ಅವರಿಗೆ, ನಮ್ಮದು ನಮಗೆ. ನನ್ನ ತಮ್ಮ ಮಿಲಿಟರಿಯಿಂದ ಮನೆಗೆ ಬರಲಿ. ನಮ್ಮಮ್ಮ ಹೆದರದೆ ಬಸ್ ಹತ್ತಲಿ."

ಎದುರುಮನೆಯವರು ತಲೆ ಎತ್ತದೆ ಕೇಳಿಸಿಕೊಂಡರು. ಆಮೇಲೆ ತಮ್ಮ ತಾಯಿಯ ವಿಷಯ ಹೇಳಿದರು: ಕಿಡ್ನಿ ಹೋಗಿತ್ತು. ಡಯಾಲಿಸಿಸ್‌ಗೆ ಹಳ್ಳಿಯಿಂದ ನಾಬ್ಲುಸಿಗೆ ಹೋಗಬೇಕು, ದಾರಿಯಲ್ಲಿ ಸೈನಿಕರ ತಪಾಸಣೆ. ಹಿಂದಿನ ಸಲ ಅಲ್ಲಿಂದಲೇ ವಾಪಸು ಕಳಿಸಿದ್ದರಂತೆ. ಮತ್ತೆ ಹೋಗಬೇಕಾದದ್ದು ಮರುದಿನ. ತಪ್ಪಿದರೆ ತಾಯಿ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು.

"ಗೆರೆ ಎಲ್ಲಿ ಎಳೀತಾರೆ? ನಮ್ಮೂರಿಗೂ ಆಸ್ಪತ್ರೆಗೂ ಮಧ್ಯೆನಾ?" ಎಂದರು. "ಮೊದಲು ರಸ್ತೆ ಬಿಡಲಿ. ಒಂದು ದೇಶವೋ ಎರಡೋ, ಆಮೇಲೆ ಮಾತಾಡೋಣ."

ಅಮ್ಮ ತನ್ನ ಹಳೆಯ ವಠಾರದ ಕಥೆ ತೆಗೆದಳು. ಆರು ಸಂಸಾರಕ್ಕೆ ಒಂದೇ ನಲ್ಲಿ, ದಿನಾ ಜಗಳ, ಕೊನೆಗೆ ಸರದಿ ಮಾಡಿಕೊಂಡೆವು, ಎಲ್ಲರಿಗೂ ನೀರು ಸಿಕ್ಕಿತು ಎಂದಳು. ನಾನು ಅದನ್ನೂ ಇಂಗ್ಲಿಷಿಗೆ ತಿರುಗಿಸಿದೆ.

"ಆ ನಲ್ಲಿಯ ಬೀಗದ ಕೈ ಯಾರ ಹತ್ತಿರ ಇತ್ತು, ಕೇಳಿ," ಎಂದರು ಎದುರುಮನೆಯವರು.

ಬೀಗವೇ ಇರಲಿಲ್ಲ ಎಂದಳು ಅಮ್ಮ. ಆಮೇಲೆ, "ಹಾಗಾದ್ರೆ ಅದು ಬೇರೆ ಮಾತು ಬಿಡಮ್ಮ, ನಂಗೆ ಗೊತ್ತಾಗಲಿಲ್ಲ," ಎಂದಳು.

ಆಗ ಕೆಳಮನೆಯವರು ಪೂರ್ತಿ ಪಕ್ಕಕ್ಕೆ ತಿರುಗಿದರು. "ಯಾವ ರಸ್ತೆ? ನನ್ನ ತಮ್ಮ ಆ ಕಡೆ ಇರೋದು. ತಾಯಿ ಹೆಸರು ಹೇಳಿ, ಈಗಲೇ ಫೋನ್ ಮಾಡ್ತೀನಿ."

ಎದುರುಮನೆಯವರ ತುಟಿ ಒಮ್ಮೆ ಅಲುಗಿತು. ಹೆಸರು ಹೇಳಿಯೇಬಿಡುತ್ತಾರೆ ಎಂದುಕೊಂಡೆ. ನಾನಾಗಿದ್ದರೆ ಹೇಳಿಬಿಡುತ್ತಿದ್ದೆ.

"ಬೇಡ," ಎಂದರು. "ನಿಮ್ಮ ಪರಿಚಯ ಇದೆ ಅಂತ ನಮ್ಮಮ್ಮ ದಾಟೋದು ಬೇಡ. ಕಾಯಿಲೆಯವಳು ಅಂತ ದಾಟಲಿ."

ಅದನ್ನೂ ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಕೆಳಮನೆಯವರು ತಮ್ಮನ ಪರವಾಗಿ ಏನಾದರೂ ಹೇಳಿಯಾರು ಎಂದು ಕಾದೆ. ಅವರು ಇಷ್ಟೇ ಕೇಳಿದರು:

"ದಾಟಿದ ಮೇಲಾದರೂ ನನಗೆ ಹೇಳ್ತೀರಾ?"

"ಹೇಳ್ತೀನಿ."

ಅಮ್ಮ ದೀಪ ಹಚ್ಚಿದಳು. ಕುಂಕುಮ ಇಡಲೇ ಎಂದು ಸನ್ನೆಯಲ್ಲೇ ಕೇಳಿದಳು. ಇಬ್ಬರೂ ಹಣೆಗೆ ಬೇಡವೆಂದು ಅಂಗೈ ಚಾಚಿದರು. ಅಂಗೈಗೇ ಅರಿಶಿನ ಹಚ್ಚಿ ತಾಂಬೂಲ ಕೊಟ್ಟಳು. ಆ ರಾತ್ರಿ ಅವಳು ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ನಾನು ಆಫೀಸಿಗೆ ಹೊರಟು ಬಾಗಿಲು ಎಳೆದುಕೊಳ್ಳುತ್ತಿದ್ದಾಗ ಎದುರು ಬಾಗಿಲು ತೆರೆಯಿತು. ಅವರು ಬರಿಗಾಲಲ್ಲಿ, ನನ್ನನ್ನು ಗಮನಿಸದೆ ಮೆಟ್ಟಿಲಿಳಿದು ಹೋಗಿ ಕೆಳಮನೆಯ ಬಾಗಿಲು ತಟ್ಟಿದರು. ಬಾಗಿಲು ತಕ್ಷಣ ತೆರೆಯಿತು, ಒಳಗಿದ್ದವರು ಬಾಗಿಲ ಹಿಂದೆಯೇ ನಿಂತಿದ್ದಂತೆ. "ತಲುಪಿದಳು," ಎಂದರು ಎದುರುಮನೆಯವರು. ಇಬ್ಬರೂ ಒಳಗೆ ಹೋದರು.

ಇದನ್ನು ಕಂಡವರಲ್ಲಿ ಅಮ್ಮ ಈಗ ಇಲ್ಲ. ಹೆಂಡತಿ ಇದ್ದಾಳೆ, ಇದನ್ನು ಓದಿ ಸರಿ ಎಂದಿದ್ದಾಳೆ. ಕೆಳಮನೆಯವರು ಆಸ್ಟಿನ್ನಿನಲ್ಲಿದ್ದಾರೆ. ಎದುರುಮನೆಯವರು ಡಾಲಸ್ ಕಡೆ, ಯೂಲೆಸ್‌ನಲ್ಲಿ.